ಉತ್ತರ: 'ಸ್ಮೋಕ್ ಪ್ಲೂಮ್', 'ಸ್ಮೋಕ್ ಡ್ರಿಫ್ಟ್' – ಕನ್ನಡದಲ್ಲಿ ಏನನ್ನಬೇಕು?

> ಉಪಗ್ರಹ ಚಿತ್ರದ ಪೋಸ್ಟರಿಗೆ ಎರಡೂ ಪದ ಬೇಕು, ಶನಿವಾರ ಅಚ್ಚಿಗೆ ಹೋಗುತ್ತದೆ. 'ಧೂಮ್ರ ಪ್ರವಹನ' ಸರಿಯಾ?

ಬೇಡ. ಓದುವವರು ನ್ಯೂಜೆರ್ಸಿಯ ಕನ್ನಡ ಕಲಿಯುವ ಮಕ್ಕಳು ಅಂದಿದ್ದೀರಿ. 2023ರ ಜೂನ್ 7ರಂದು ಕೆನಡಾದ ಕಾಳ್ಗಿಚ್ಚಿನ ಹೊಗೆ ಬಂದು ಕವಿದಾಗ ಕಿತ್ತಳೆ ಬಣ್ಣದ ಆಕಾಶ ಕಂಡ ಮಕ್ಕಳು ಅವರು. ಅವತ್ತು ನಾನೂ ಅಲ್ಲೇ ಇದ್ದೆ. ಕಿಟಕಿ ಮುಚ್ಚಿದರೂ ಮನೆಯೊಳಗೆ ಸೌದೆ ಒಲೆಯ ವಾಸನೆ. ಊರಿಗೆ ಫೋನ್ ಮಾಡಿದಾಗ ಬಾಯಿಗೆ ಬಂದದ್ದು 'ಹೊಗೆ', ಅಷ್ಟೇ.

ಮೊದಲು ಚಿತ್ರ ನೋಡಿ, ಆಮೇಲೆ ಪದ ಹುಡುಕಿ. ಕೆನಡಾದ ಕ್ವಿಬೆಕ್‌ನ ಬೆಂಕಿಯ ಬುಡದಿಂದ ಕಂದು ಬೂದು ಬಣ್ಣದ ಹೊಗೆ ಗಾಳಿ ಬೀಸಿದ ಕಡೆಗೆ ನೀಳವಾಗಿ ಚಾಚಿಕೊಂಡಿದೆ, ಪಕ್ಕದ ಮೋಡ ಮಾತ್ರ ಅಚ್ಚ ಬಿಳಿ. ಅದೇ ಪ್ಲೂಮ್. 'ಹೊಗೆಬಾಲ' ಅನ್ನಿ. 'ಹೊಗೆಗರಿ' ಸೂಚಿಸಿದವರೇ, ಪ್ಲೂಮ್‌ನ ಬೇರು ಲ್ಯಾಟಿನ್ನಿನ ಗರಿ ಅನ್ನುವುದು ನಿಜ. ಅವರಿಗೆ ಗರಿ ಕಂಡಿತು ಅಂತ ನಮಗೂ ಗರಿಯೇ ಕಾಣಬೇಕಾ? ಇದೂ ಎರವಲೇ, ಅಕ್ಷರ ಮಾತ್ರ ನಮ್ಮದು.

ಇನ್ನು ಡ್ರಿಫ್ಟ್. 'ಹೊಗೆಯಾಟ' ಆಗುವುದಿಲ್ಲ. ಹೊಗೆಯಾಡುವುದು ಇದ್ದಲ್ಲೇ, ಒಳಗೊಳಗೇ ಸಿಟ್ಟು ಹೊಗೆಯಾಡುತ್ತದೆ ಅಂತೀವಲ್ಲ, ಹಾಗೆ. ಇಲ್ಲಿ ಹೊಗೆ ಕೆನಡಾದಿಂದ ತೆಂಕಣಕ್ಕೆ ಬಂತು, ತಿಂಗಳ ಕೊನೆಗೆ ಕಡಲು ದಾಟಿ ಪೋರ್ಚುಗಲ್, ಸ್ಪೇನ್ ಮುಟ್ಟಿತು. ಅದು 'ಸಾಗು'. ಆಗ ಅಮೆರಿಕದ ಹವಾಮಾನ ಉಪಗ್ರಹ ಗೋಸ್-16 10 ನಿಮಿಷಕ್ಕೊಮ್ಮೆ ಭೂಮಿಯ ಒಂದು ಮಗ್ಗುಲಿನ ಪೂರ್ತಿ ಚಿತ್ರ ತೆಗೆಯುತ್ತಿತ್ತು. ಅವನ್ನು ಒಂದರ ಹಿಂದೊಂದು ಇಟ್ಟು ಹೊಗೆ ಹೋದ ದಾರಿ ಕಂಡುಕೊಳ್ಳುವುದಕ್ಕೆ 'ಜಾಡು ಹಿಡಿ' ಅನ್ನುವುದಕ್ಕಿಂತ ಒಳ್ಳೆಯ ಮಾತಿಲ್ಲ. ಕಾಡಿನಲ್ಲಿ ಆನೆಯ ಜಾಡು ಹಿಡಿಯುವವರ ಮಾತು ಅದು.

> 'ಕಾಳ್ಗಿಚ್ಚು' ತಪ್ಪು, 'ಕಾಡ್ಗಿಚ್ಚು' ಸರಿ.

ತಪ್ಪಲ್ಲ. ಅಲ್ಲಿ ಹಳಗನ್ನಡದಲ್ಲಿ ಇದ್ದದ್ದು ೞ. ಆ ಅಕ್ಷರ ಹೋಯಿತು, ಳ ಉಳಿಯಿತು. ಕಿರ್ಚು ಕಿಚ್ಚಾಯಿತು, ಪೊಗೆ ಹೊಗೆಯಾಯಿತು, ಅವನ್ನು ಯಾರೂ ತಿದ್ದಲು ಹೋಗಲಿಲ್ಲ. ಕಾಡ್ಗಿಚ್ಚೂ ಇರಲಿ, ಜನ ಬರೆಯುತ್ತಾರೆ.

'ಉಪಗ್ರಹ'ವೂ ಸಂಸ್ಕೃತ, ತೆಗೆಯಿರಿ ಅನ್ನುವವರಿಗೆ: ಮೂರನೇ ಕ್ಲಾಸಿನ ಮಗುವಿಗೂ ಗೊತ್ತಿರುವ ಪದವನ್ನು ಸುಮ್ನೆ ಕಿತ್ತುಹಾಕಬೇಡಿ. ಧೂಮ್ರ ಬೇಡ ಅಂದಿದ್ದು ಅದು ಸಂಸ್ಕೃತ ಅಂತಲ್ಲ, ಆಡುವವರಿಲ್ಲ ಅಂತ.

ಪೋಸ್ಟರಿಗೆ: 'ಕಾಳ್ಗಿಚ್ಚಿನ ಹೊಗೆ ಸಾಗಿದ ಜಾಡು – ಉಪಗ್ರಹ ಕಂಡಂತೆ'. ಕೆಳಗೆ 'ಹೊಗೆ ಕವಿದ ಊರುಗಳು' ಅಂತ ಮಾತ್ರ ಬರೆಯಬೇಡಿ. ಈ ಚಿತ್ರ ಮೇಲಿಂದ ತೆಗೆದದ್ದು. ಹೊಗೆ ಎಷ್ಟೋ ಕಿಲೋಮೀಟರ್ ಮೇಲೆ ಹಾದುಹೋಗುತ್ತಿದೆಯೋ, ಮೂಗಿನ ಮಟ್ಟಕ್ಕೆ ಇಳಿದಿದೆಯೋ ಅದರಲ್ಲಿ ಕಾಣುವುದಿಲ್ಲ. 'ಹೊಗೆ ಹಾದ ಊರುಗಳು' ಅನ್ನಿ.