ಆದಿಕಾಂಡ 1ರ ಆರು ದಿನಗಳು: ಅಕ್ಷರಶಃ ಎಂದರೆ ಎಲ್ಲಿಯವರೆಗೆ?

ಹೊಸಓದು (ಪ್ರಶ್ನೆ):
ಬೈಬಲಿನ ಮೊದಲ ಪುಸ್ತಕ ಆದಿಕಾಂಡದ ಮೊದಲ ಎರಡು ಅಧ್ಯಾಯಗಳನ್ನು ಅಧ್ಯಯನ ಗುಂಪಿನಲ್ಲಿ ನಾಲ್ಕು ವಾರ ಓದಬೇಕಿದೆ. ಓದು ಶುರುವಾಗುವ ಮೊದಲೇ ಗುಂಪು ಎರಡಾಗಿದೆ. ದಿನ ಎಂದರೆ ದಿನವೇ, 24 ಗಂಟೆ, ಅದನ್ನು ಅಲುಗಾಡಿಸಿದರೆ ಮುಂದಿನದೆಲ್ಲ ಕುಸಿಯುತ್ತದೆ ಎನ್ನುತ್ತಾರೆ ಕೆಲವರು. ಭೂಮಿಗೆ ಸುಮಾರು 454 ಕೋಟಿ ವರ್ಷ, ಆದ್ದರಿಂದ ದಿನ ಎಂದರೆ ಯುಗ, ಕರ್ತನಿಗೆ ಒಂದು ದಿನ ಸಾವಿರ ವರ್ಷದಂತೆ ಎಂದು 2 ಪೇತ್ರ 3:8ರಲ್ಲೇ ಇದೆಯಲ್ಲ ಎನ್ನುತ್ತಾರೆ ಉಳಿದವರು. ಮೂಲಭಾಷೆಯಲ್ಲಿ ‘ದಿನ’ಕ್ಕೆ ಏನಿದೆ? ಸೂರ್ಯ ನಾಲ್ಕನೆಯ ದಿನ ಬಂದರೆ ಮೊದಲ ಮೂರು ದಿನಗಳನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ದಯವಿಟ್ಟು ವಚನ ಹಿಡಿದು ಹೇಳಿ.

ಮೂಲಪಾಠ:
ಹೀಬ್ರೂ ಪದ ‘ಯೋಮ್’. 1:5ರಲ್ಲೇ ಅದು ಎರಡು ಅರ್ಥದಲ್ಲಿ ಬರುತ್ತದೆ. ಬೆಳಕಿಗೆ ದೇವರು ಇಟ್ಟ ಹೆಸರೂ ಯೋಮ್, ವಚನದ ಕೊನೆಯಲ್ಲಿ ಎಣಿಸಿದ್ದೂ ಯೋಮ್. ಕನ್ನಡದಲ್ಲಿ ಮೊದಲನೆಯದು ಹಗಲು, ಎರಡನೆಯದು ದಿನ ಎಂದಾಗುವುದರಿಂದ ಓದುವವರಿಗೆ ಇದು ಕಾಣುವುದಿಲ್ಲ. 2:4ರಲ್ಲಿ ಇಡೀ ಸೃಷ್ಟಿಕಾರ್ಯಕ್ಕೇ ‘ಬೆಯೋಮ್’ (ದಿನದಲ್ಲಿ) ಎಂದಿದೆ.

ಆದರೆ ಈ 2:4ನ್ನು ಯುಗವಾದಕ್ಕೆ ಆಧಾರ ಮಾಡಿಕೊಳ್ಳಬೇಡಿ. ಬಹಳ ಜನ ಎಡವುವುದು ಇಲ್ಲೇ. ಕ್ರಿಯಾಪದದ ಜೊತೆ ಬಂದಾಗ ‘ಬೆಯೋಮ್’ ಎಂದರೆ ‘ಮಾಡಿದಾಗ’ ಎಂದಷ್ಟೇ. ಅರಣ್ಯಕಾಂಡ 7 ನೋಡಿ: ಕುಲಾಧಿಪತಿಗಳು 12 ದಿನ, ದಿನಕ್ಕೊಬ್ಬರಂತೆ ಕಾಣಿಕೆ ತರುತ್ತಾರೆ, ಪ್ರತಿ ದಿನಕ್ಕೂ ಎಣಿಕೆಯಿದೆ. ಕೊನೆಗೆ 7:84ರಲ್ಲಿ ಆ ಹನ್ನೆರಡೂ ದಿನಗಳನ್ನು ‘ಬೆಯೋಮ್’ ಎಂದು ಒಟ್ಟು ಹಿಡಿಯಲಾಗಿದೆ. ಹಾಗೆಂದು ನಡುವಿನ ದಿನಗಳು ಯುಗಗಳಾಗಲಿಲ್ಲ. 2 ಪೇತ್ರ 3:8 ಕೂಡ ಇಲ್ಲಿ ಕೆಲಸಕ್ಕೆ ಬಾರದು. ಕರ್ತನಾದ ಯೇಸು ಮರಳಿ ಬರುವುದು ಯಾಕೆ ತಡವಾಯಿತು ಎಂಬ ಪ್ರಶ್ನೆಗೆ ಅಲ್ಲಿ ಉತ್ತರವಿದೆ, ಪದದ ಅರ್ಥವಿವರಣೆ ಇಲ್ಲ.

ನನ್ನ ಓದಿನಲ್ಲಿ, ಆದಿಕಾಂಡ 1ರ ‘ದಿನ’ ಎಂಬ ಪದದ ಅರ್ಥ ಸಂಜೆ ಬೆಳಗುಗಳಿರುವ ಮಾಮೂಲಿ ದಿನವೇ. ಆ ಮಾಮೂಲಿ ದಿನಗಳನ್ನು ಲೇಖಕ ಯಾವುದಕ್ಕೆ ಬಳಸಿದ್ದಾನೆ ಎಂಬುದು ಬೇರೆ ಪ್ರಶ್ನೆ. ನಿಮ್ಮ ಗುಂಪು ಈ ಎರಡನ್ನೂ ಒಂದೇ ಮಾಡಿಕೊಂಡಿದೆ.

ಆರುದಿನ:
ಮೂಲಪಾಠ ಅವರ ಮೊದಲ ಭಾಗ ಪೂರ್ತಿ ಸರಿ. ಅದಕ್ಕೆ ಎರಡು ಸೇರಿಸುತ್ತೇನೆ. ಒಂದು, ಅಧ್ಯಾಯದ ಕ್ರಿಯಾಪದಗಳು ‘ವಯ್ಯೋಮೆರ್’, ‘ವಯ್ಯರ್’ ಎಂಬ ರೂಪದಲ್ಲಿವೆ: ಹೇಳಿದನು, ನೋಡಿದನು. ಘಟನೆಗಳನ್ನು ಒಂದರ ಹಿಂದೊಂದು ಹೇಳುವಾಗ ಹೀಬ್ರೂ ಗದ್ಯ ಬಳಸುವ ರೂಪ ಅದು. ಇದು ಕಾವ್ಯ, ಬಿಡಿ ಎನ್ನುವವರು ಕೀರ್ತನೆ 104ನ್ನು ಪಕ್ಕದಲ್ಲಿಟ್ಟು ಓದಲಿ. ಅದೂ ಸೃಷ್ಟಿಯ ಬಗ್ಗೆಯೇ, ಅದು ಕಾವ್ಯ, ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಎರಡು, ವಿಮೋಚನಕಾಂಡ 20:11. ಆರು ದಿನ ದುಡಿದು ಏಳನೆಯ ದಿನ ನಿಲ್ಲಿಸು ಎನ್ನುವುದಕ್ಕೆ ಕೊಟ್ಟ ಕಾರಣವೇ ಸೃಷ್ಟಿಯ ಆರು ದಿನ. ಕಾರಣದಲ್ಲಿ ಯುಗ, ಆಜ್ಞೆಯಲ್ಲಿ ದಿನ ಎಂದರೆ ಮಾತು ನಿಲ್ಲುವುದಿಲ್ಲ.

ಯುಗವಾದ ವಿಜ್ಞಾನಕ್ಕೂ ಒಪ್ಪಿಗೆಯಾಗುವುದಿಲ್ಲ, ಇದನ್ನು ಗುಂಪಿನಲ್ಲಿ ಖಂಡಿತ ಹೇಳಿ. ಅಧ್ಯಾಯದಲ್ಲಿ ಹಣ್ಣಿನ ಮರ ಮೂರನೆಯ ದಿನ, ಜಲಚರ ಐದನೆಯ ದಿನ; ಪಕ್ಷಿ ಐದನೆಯ ದಿನ, ನೆಲದ ಪ್ರಾಣಿ ಆರನೆಯ ದಿನ. ಪಳೆಯುಳಿಕೆಗಳಲ್ಲಿ ಎರಡೂ ಕ್ರಮ ತಿರುಗುಮುರುಗು. ದಿನವನ್ನು ಎಷ್ಟು ಹಿಗ್ಗಿಸಿದರೂ ಕ್ರಮ ಬದಲಾಗದು.

ಗುಮಟ:
ಆರುದಿನ ಬ್ರದರ್, ಯುಗವಾದದ ಬಗ್ಗೆ ನೀವು ಹೇಳಿದ್ದು ಗಟ್ಟಿಯಾಗಿದೆ. ಆದರೆ 20:11ನ್ನು 31:17ರ ಜೊತೆ ಓದಬೇಕು. ಅದೇ ಸಬ್ಬತ್ತು (ಏಳನೆಯ ದಿನದ ವಿಶ್ರಾಂತಿ), ಅದೇ ಆರು ದಿನ, ಅಲ್ಲಿ ದೇವರು ಏಳನೆಯ ದಿನ ದಣಿವಾರಿಸಿಕೊಂಡನು ಎಂಬರ್ಥದ ‘ವಯ್ಯಿನ್ನಾಫಷ್’ ಎಂಬ ಮಾತಿದೆ. ಇದೇ ಕ್ರಿಯಾಪದ 23:12ರಲ್ಲಿ ದಾಸಿಯ ಮಗನಿಗೂ ಪರದೇಶದವನಿಗೂ ಬಳಕೆಯಾಗಿದೆ. ಯೆಶಾಯ 40:28 ದೇವರು ದಣಿಯುವುದಿಲ್ಲ ಎನ್ನುತ್ತದೆ. ಹಾಗಾದರೆ ಸಬ್ಬತ್ತಿನ ವಾದದೊಳಗೇ ಹೋಲಿಕೆ ಇದೆ: ಮನುಷ್ಯನ ವಾರದ ಅಚ್ಚಿನಲ್ಲಿ ದೇವರ ಕೆಲಸವನ್ನು ತೋರಿಸಲಾಗಿದೆ.

ಅಧ್ಯಾಯದ ಕಟ್ಟಡ ನೋಡಿ. ಕೆಲಸಗಳು ಎಂಟು, ದಿನಗಳು ಆರು. ಮೂರನೆಯ ದಿನಕ್ಕೆ ಎರಡು (ಒಣನೆಲ, ಸಸ್ಯ), ಆರನೆಯ ದಿನಕ್ಕೆ ಎರಡು (ಪ್ರಾಣಿ, ಮನುಷ್ಯ). 1:2ರಲ್ಲಿ ಭೂಮಿ ‘ತೋಹು, ಬೋಹು’: ರೂಪವಿಲ್ಲ, ತುಂಬಿಲ್ಲ. ಮೊದಲ ಮೂರು ದಿನ ರೂಪ, ಮುಂದಿನ ಮೂರು ದಿನ ತುಂಬುವಿಕೆ. ಬೆಳಕಿಗೆ ಎದುರು ದೀಪಗಳು, ನೀರು ಆಕಾಶಗಳಿಗೆ ಎದುರು ಮೀನು ಪಕ್ಷಿಗಳು, ನೆಲಕ್ಕೆ ಎದುರು ಪ್ರಾಣಿ ಮನುಷ್ಯರು. ನಾಲ್ಕನೆಯ ದಿನದ ಸೂರ್ಯ ಈ ಜೋಡಣೆಯಲ್ಲಿ ತನ್ನ ಜಾಗದಲ್ಲೇ ಇದ್ದಾನೆ. ಅವನ ಹೆಸರನ್ನೂ ಲೇಖಕ ಎತ್ತುವುದಿಲ್ಲ, ‘ದೊಡ್ಡ ಬೆಳಕು’ ಎಂದಷ್ಟೇ. ಸುತ್ತಲಿನ ಜನ ಸೂರ್ಯನನ್ನು ದೇವರೆಂದು ಪೂಜಿಸುತ್ತಿದ್ದಾಗ ಅವನನ್ನು ದೀಪದ ಸ್ಥಾನಕ್ಕೆ ಇಳಿಸಿದ ಮಾತು ಅದು. ನನ್ನ ಮಟ್ಟಿಗೆ ಈ ಅಧ್ಯಾಯದ ತೀರಾ ಧೈರ್ಯದ ಮಾತು ಇದೇ.

ಈ ಜೋಡಣೆಗೂ ಬಿರುಕಿದೆ, ಮುಚ್ಚಿಡಬೇಡಿ. ದೀಪಗಳನ್ನು ಇಟ್ಟದ್ದು ಎರಡನೆಯ ದಿನದ ಗುಮಟದಲ್ಲಿ, ಅಂದರೆ ಆಕಾಶದಲ್ಲಿ (1:17). ಮೀನುಗಳು ತುಂಬಿದ್ದು ಮೂರನೆಯ ದಿನ ಕೂಡಿದ ಸಮುದ್ರಗಳನ್ನು (1:22).

‘ಅಕ್ಷರಶಃ’ ಎನ್ನುವವರಿಗೆ ಗುಮಟದ ಪ್ರಶ್ನೆಯನ್ನೂ ಕೇಳಿ. ಮೂಲಪದ ‘ರಾಕೀಯ’, ಲೋಹವನ್ನು ಬಡಿದು ತಗಡು ಮಾಡುವ ಕ್ರಿಯಾಪದದಿಂದ ಬಂದದ್ದು. ವಿಮೋಚನಕಾಂಡ 39:3ರಲ್ಲಿ ಬಂಗಾರವನ್ನು ಹಾಗೆ ಬಡಿಯುತ್ತಾರೆ. ಅದರ ಮೇಲೆ ನೀರಿದೆ (1:7). ಆರು ದಿನಗಳನ್ನು ದಿನಗಳೆಂದೇ ಒಪ್ಪಿದ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನ್ ಕೂಡ 1554ರ ವ್ಯಾಖ್ಯಾನದಲ್ಲಿ ಆ ನೀರನ್ನು ಮೋಡವೆಂದೇ ಓದಿದ. ಮೋಶೆ ಜನಸಾಮಾನ್ಯರ ಕಣ್ಣಿಗೆ ಕಂಡಂತೆ ಬರೆದಿದ್ದಾನೆ ಎಂದ. ದಿನಗಳನ್ನು ಅಕ್ಷರಶಃ ಹಿಡಿಯದಿರುವುದು ವಿಜ್ಞಾನಕ್ಕೆ ಹೆದರಿ ಹುಟ್ಟಿದ ಓದು ಎಂಬ ಆರೋಪವೂ ನಿಲ್ಲುವುದಿಲ್ಲ. ಸೂರ್ಯನಿಲ್ಲದ ಮೂರು ದಿನಗಳ ಪ್ರಶ್ನೆಯನ್ನು ಆದಿಸಭೆಯ ಬೋಧಕ ಒರಿಗೆನ್ 3ನೆಯ ಶತಮಾನದಲ್ಲೇ ಎತ್ತಿದ್ದ. ಬಿಷಪ್ ಅಗಸ್ಟೀನ್ 5ನೆಯ ಶತಮಾನದ ಆರಂಭದಲ್ಲಿ, ಎಲ್ಲವೂ ಒಂದೇ ಕ್ಷಣದಲ್ಲಿ ಆಯಿತು, ದಿನಗಳು ನಮ್ಮ ದಿನಗಳಲ್ಲ ಎಂದು ವಾದಿಸಿದ. ಅವರಿಬ್ಬರ ನಡುವಿನ ಕಾಲದ ಬಿಷಪ್ ಬೆಸಿಲ್ 4ನೆಯ ಶತಮಾನದಲ್ಲಿ 24 ಗಂಟೆ ಎಂದೇ ಓದಿದ.

ಹೊಸಓದು:
ತುಂಬಾ ಉಪಕಾರ. ಇನ್ನೆರಡು ಸಂದೇಹ. ಅಧ್ಯಾಯ 2ರಲ್ಲಿ ಮನುಷ್ಯ ಮೊದಲು, ಪ್ರಾಣಿ ಆಮೇಲೆ; ಅಧ್ಯಾಯ 1ಕ್ಕೆ ಇದು ವಿರೋಧವಲ್ಲವೇ? ವಂಶಾವಳಿ ಕೂಡಿಸಿದರೆ ಆರು ಸಾವಿರ ವರ್ಷ ಎನ್ನುತ್ತಾರೆ, ಅದು ಎಷ್ಟು ಗಟ್ಟಿ?

ಮೂಲಪಾಠ:
2:5ರಲ್ಲಿ ಇಲ್ಲ ಎಂದಿರುವುದು ಎಲ್ಲ ಸಸ್ಯವಲ್ಲ, ‘ಹೊಲದ’ ಪೊದೆ, ‘ಹೊಲದ’ ಬೆಳೆ. ಮಳೆಯಿಲ್ಲ, ವ್ಯವಸಾಯಕ್ಕೆ ಮನುಷ್ಯನಿಲ್ಲ ಎಂದು ಕಾರಣವೂ ಅಲ್ಲೇ ಇದೆ. ಹಾಗಾಗಿ 1:11ಕ್ಕೆ ಅದು ನೇರ ವಿರೋಧವಲ್ಲ. 2:19 ಕಷ್ಟದ್ದು. ‘ವಯ್ಯಿತ್ಸೆರ್’ ಎಂಬುದನ್ನು ‘ರೂಪಿಸಿದ್ದನು’ ಎಂದು ಹಿಂದಕ್ಕೆ ತಳ್ಳುವ ಅನುವಾದಗಳಿವೆ. ಆದರೆ 2:18ರಲ್ಲಿ ಅವನಿಗೆ ಸರಿಬೀಳುವ ಸಹಕಾರಿಯನ್ನು ಮಾಡುವೆನು ಎಂದ ಕೂಡಲೇ ಬರುವ ಮಾತು ಅದು, ಸಹಜ ಓದು ‘ರೂಪಿಸಿದನು’ ಎಂಬುದೇ. ಅಧ್ಯಾಯ 1 ಕಾಲಕ್ರಮವನ್ನೇ ಹೇಳುತ್ತದೆ ಎನ್ನುವವರು ಅಧ್ಯಾಯ 2ರ ಕ್ರಮವನ್ನು ಸಡಿಲಿಸಬೇಕಾಗುತ್ತದೆ. ಯಾವುದನ್ನು ಸಡಿಲಿಸಿದಿರಿ, ಯಾಕೆ ಎಂದು ಗುಂಪಿನಲ್ಲಿ ಬಾಯಿಬಿಟ್ಟು ಹೇಳಿಸಿ.

ವರ್ಷಗಳ ಲೆಕ್ಕಕ್ಕೆ ಮೊದಲು ಯಾವ ಪಾಠ, ಅಂದರೆ ಯಾವ ಹಸ್ತಪ್ರತಿ ಪರಂಪರೆ ಎಂದು ಕೇಳಿ. ಸೇತ ಹುಟ್ಟಿದಾಗ ಆದಾಮನಿಗೆ ಮಸೊರೆಟಿಕ್ (ಯೆಹೂದ್ಯರ ಸಾಂಪ್ರದಾಯಿಕ) ಹೀಬ್ರೂ ಪಾಠದಲ್ಲಿ 130 ವರ್ಷ, ಹಳೆಯ ಗ್ರೀಕ್ ಅನುವಾದವಾದ ಸೆಪ್ಟುಅಜಿಂಟ್‌ನಲ್ಲಿ 230. ಆದಾಮನಿಂದ ಜಲಪ್ರಳಯಕ್ಕೆ ಹೀಬ್ರೂ ಪಾಠದಲ್ಲಿ 1656 ವರ್ಷ, ಸಮಾರ್ಯರು ಉಳಿಸಿಕೊಂಡ ಪಾಠದಲ್ಲಿ 1307, ಗ್ರೀಕಿನಲ್ಲಿ 2242. ಐರ್ಲೆಂಡಿನ ಆರ್ಚ್‌ಬಿಷಪ್ ಅಷರ್ 1650ರಲ್ಲಿ ಕ್ರಿ.ಪೂ. 4004 ಎಂದು ಎಣಿಸಿದ್ದು ಹೀಬ್ರೂ ಪಾಠ ಹಿಡಿದು. ಗ್ರೀಕ್ ಪಾಠ ಹಿಡಿದ ಬಿಜಾಂಟಿಯನ್ನರಿಗೆ (ಪೂರ್ವ ರೋಮನ್ ಸಾಮ್ರಾಜ್ಯದವರಿಗೆ) ಅದು ಕ್ರಿ.ಪೂ. 5509 ಆಯಿತು. ಲೂಕ 3:36ರಲ್ಲಿ ಒಬ್ಬ ಕಯಿನಾನ್ ಹೆಚ್ಚಿಗೆ ಇದ್ದಾನೆ, ಹೀಬ್ರೂ ಆದಿಕಾಂಡ 11ರಲ್ಲಿ ಅವನಿಲ್ಲ.

ಆರುದಿನ:
ಪಾಠಭೇದ ನಿಜ, ಒಪ್ಪುತ್ತೇನೆ. ಹಾಗೆಂದು ವಂಶಾವಳಿಯಲ್ಲಿ ಬೇಕಾದಲ್ಲಿ ಬಿಟ್ಟಜಾಗ ಇಡಲಾಗದು. ಮತ್ತಾಯ 1:8ರಲ್ಲಿ ಮೂವರು ಅರಸರು ಬಿಟ್ಟುಹೋಗಿದ್ದಾರೆ, ಆದರೆ ಅಲ್ಲಿ ವಯಸ್ಸಿಲ್ಲ. ಆದಿಕಾಂಡ 5ರಲ್ಲಿ ಮಗ ಹುಟ್ಟಿದಾಗಿನ ವಯಸ್ಸಿದೆ. ಲೆಮೆಕನು ನೋಹನಿಗೆ ತಾನೇ ಹೆಸರಿಡುತ್ತಾನೆ (5:29), ಅಲ್ಲಿ ನಡುವೆ ಯಾರನ್ನೂ ತುರುಕಲಾಗದು. ಇನ್ನೊಂದು ಮಾತು: ವಂಶಾವಳಿಯಿಂದ ಸಿಗುವುದು ಮನುಷ್ಯರ ಕಾಲ. ಭೂಮಿಯ ವಯಸ್ಸು ಅಧ್ಯಾಯ 1ರ ದಿನಗಳ ಓದಿಗೆ ಬಿಟ್ಟದ್ದು. ನಾಲ್ಕು ವಾರದಲ್ಲಿ ಇವೆರಡಕ್ಕೂ ಒಂದೇ ದಿನ ಇಡಬೇಡಿ.