ಮ್ಯೂಷ್ಟೈರ್ ಕಣಿವೆಯ ಹಳೇ ಚರ್ಚ್‌ಗಳು: ಅಮ್ಮನ ಜೊತೆ ಮೂರು ದಿನ ಸಾಕಾ?

ಪ್ರಶ್ನೆ: ನಮಸ್ಕಾರ ಎಲ್ರಿಗೂ. ನಾನಿರೋದು ಜ್ಯೂರಿಕ್‌ನಲ್ಲಿ, ಜೂನ್‌ಗೆ ಅಮ್ಮ ಊರಿಂದ ಬರ್ತಿದಾರೆ. ಅವ್ರಿಗೆ ಹಿಮದ ಬೆಟ್ಟಕ್ಕಿಂತ ಹಳೇ ಗುಡಿ, ಗೋಡೆ ಚಿತ್ರ ಅಂದ್ರೆ ಜೀವ, ಅದಕ್ಕೆ ಸ್ವಿಟ್ಜರ್ಲೆಂಡ್‌ನ ಪೂರ್ವದ ತುದೀಲಿ, ಇಟಲಿ ಗಡಿ ಪಕ್ಕ ಇರೋ ಮ್ಯೂಷ್ಟೈರ್ ಕಡೆ ಹೋಗೋಣ ಅಂತಿದೀನಿ. ಕಾರಿಲ್ಲ, ಅಮ್ಮಂಗೆ ಮಂಡಿನೋವು ಬೇರೆ. ಹೋಗಿ ಬಂದೋರು ಯಾವ್ದು ಬಿಡ್ಬಾರ್ದು ಹೇಳ್ತೀರಾ?

ಉತ್ತರ 1: ಮೂರು ದಿನ ಧಾರಾಳವಾಗಿ ಸಾಕು, ಆದ್ರೆ ಹತ್ತು ಚರ್ಚ್ ಲಿಸ್ಟ್ ಮಾಡ್ಕೋಬೇಡಿ, ಮೂರೋ ನಾಲ್ಕೋ ನೋಡಿ, ಕೂತು ನೋಡಿ. ಜ್ಯೂರಿಕ್‌ನಿಂದ ಲಾಂಡ್‌ಕ್ವಾರ್ಟ್ ಮೇಲೆ ಟ್ರೈನಲ್ಲಿ ತ್ಸೆರ್ನೆಟ್ಸ್‌ಗೆ ಬನ್ನಿ, ಅಲ್ಲಿಂದ ಹಳದಿ ಪೋಸ್ಟ್ ಬಸ್ಸು 2149 ಮೀಟರ್ ಎತ್ತರದ ಓಫೆನ್ ಘಾಟಿ ಹತ್ತಿ ಇಳಿದು ಮ್ಯೂಷ್ಟೈರ್‌ಗೆ ಬರುತ್ತೆ, ಮುಂದೆ ಗಡಿ ದಾಟಿ ಇಟಲಿಯ ಮಾಲ್ಸ್‌ವರೆಗೂ ಬಸ್ಸಿದೆ. ಗಡಿ ದಾಟಿದ್ದು ಗೊತ್ತೇ ಆಗಲ್ಲ, ಆದ್ರೂ ಅಮ್ಮನ ಪಾಸ್‌ಪೋರ್ಟ್ ಬ್ಯಾಗಲ್ಲೇ ಇರ್ಲಿ.

ಮ್ಯೂಷ್ಟೈರ್‌ಗೇ ಅರ್ಧ ದಿನ ಇಟ್ಕೊಳ್ಳಿ. ಊರಿನ ಹೆಸರೇ ಮಠ ಅನ್ನೋ ಲ್ಯಾಟಿನ್ ಮಾತಿಂದ ಬಂದಿದ್ದು. ಅಲ್ಲಿನ ಸಂತ ಯೋಹಾನರ ಮಠವನ್ನ ಹಿಮಗಾಳೀಲಿ ಸಿಕ್ಕಿ ಬದುಕುಳಿದ ಫ್ರಾಂಕರ ದೊರೆ ಶಾರ್ಲಮೇನ್ ಹರಕೆಗೆ ಕಟ್ಸಿದ ಅಂತ ಐತಿಹ್ಯ, ತೊಲೆಯ ಮರದ ಉಂಗುರ ಎಣಿಸಿದೋರೂ 775ರ ಹೊತ್ತಿಂದೇ ಅಂತಾರೆ. ಮಠದ ಚರ್ಚಿನ ಗೋಡೆಗಳ ಮೇಲೆ ಸುಮಾರು 800ರಲ್ಲಿ ಬರೆದ ಚಿತ್ರ, ಅದರ ಮೇಲೆ 1200ರ ಸುಮಾರಿಗೆ ಇನ್ನೊಂದು ಪದರ, ಆಮೇಲೆ ಎಲ್ಲಾ ಮುಚ್ಚಿಹೋಯ್ತು. 1894ರಲ್ಲಿ ಇಬ್ರು ವಿದ್ವಾಂಸರು ಕಮಾನು ಚಾವಣಿ ಮೇಲಿನ ಅಟ್ಟದಲ್ಲಿ ಹಳೇ ಚಿತ್ರದ ತುಣುಕು ಕಂಡ್ರು, ಕೆಳಗಿಂದೆಲ್ಲ ಹೊರಗೆ ತೆಗೆದಿದ್ದು 1947ರಿಂದ 51ರಲ್ಲಿ. ಕೆಂಪು ಮಣ್ಣಿನ ಬಣ್ಣ, ಬೂದು ಕಂಡ್ರೆ ಅದು ಹಳೇ ಪದರ, ಬಣ್ಣ ಗಾಢವಾಗಿದ್ರೆ ಆಮೇಲಿಂದು. ಇಷ್ಟು ಅಮ್ಮಂಗೆ ಬಾಗಿಲಲ್ಲೇ ಹೇಳ್ಬಿಡಿ, ಮಿಕ್ಕಿದ್ದು ಅವ್ರೇ ಓದ್ಕೋತಾರೆ. ಎದುರಿಗೆ ನಡುವಿನ ಅರ್ಧವೃತ್ತದ ಗೂಡಲ್ಲಿ ಬೈಬಲ್ಲಿನ ಹೆರೋದ ದೊರೆಯ ಊಟದ ಮೇಜು, ಮುಂದೆ ಕುಣಿತಿರೋ ಹುಡುಗಿ, ತಟ್ಟೇಲಿ ಅವನು ಕಡಿಸಿದ ಸ್ನಾನಿಕ ಯೋಹಾನರ ತಲೆ. ನಮ್ಮಮ್ಮ ಅಲ್ಲಿ ನಿಂತೋರು ಕಾಲು ನೋವು ಅಂತ ಒಂದ್ಸಲಾನೂ ಅನ್ಲಿಲ್ಲ. ಹೊರಡೋ ಮುಂಚೆ ಹಿಂದಕ್ಕೆ ತಿರುಗಿ ಪಶ್ಚಿಮದ ಗೋಡೆ ನೋಡಿ, ಅಂತಿಮ ತೀರ್ಪಿನ ಚಿತ್ರ ಇಷ್ಟು ದೊಡ್ಡದಾಗಿ ಇಷ್ಟು ಹಳೇದು ಸಿಗೋದು ಅಪರೂಪ. ಚಿಕ್ಕ ಬೈನಾಕ್ಯುಲರ್ ಒಯ್ಯಿರಿ, ಮೇಲಿನ ಸಾಲು ಬರಿಗಣ್ಣಿಗೆ ಸಿಗಲ್ಲ. ಸಿಸ್ಟರ್‌ಗಳು ಇವತ್ತಿಗೂ ಅಲ್ಲೇ ವಾಸ, ಪ್ರಾರ್ಥನೆ ಹೊತ್ತಲ್ಲಿ ಓಡಾಡ್ಬೇಡಿ, ಫೋಟೋಗೆ ಕೇಳ್ಕೊಳ್ಳಿ.

ಉತ್ತರ 2: ನಾನು ಮಂಗಳೂರಿನವಳು. ನಮ್ಮ ಸಂತ ಅಲೋಶಿಯಸ್ ಚಾಪೆಲ್‌ನ ಚಿತ್ರ ಬರೆದ ಬ್ರದರ್ ಮೊಸ್ಕೇನಿ ಇಟಲಿಯ ಆಲ್ಪ್ಸ್ ತಪ್ಪಲಿನ ಬೆರ್ಗಮೊ ಕಡೆಯವ್ರು. ಹಸಿ ಗಾರೆ ಒಣಗೋದ್ರೊಳಗೆ ಬಣ್ಣ ಹಾಕಿದ್ರೆ ಬಣ್ಣ ಗೋಡೆಯೊಳಗೇ ಸೇರ್ಕೊಳ್ಳುತ್ತೆ ಅಂತ ಕಾಲೇಜಲ್ಲಿ ಕೇಳಿದ್ದೆ, ಮಾಲ್ಸ್‌ನ ಸಂತ ಬೆನೆಡಿಕ್ಟ್ ಚರ್ಚಲ್ಲಿ ನಿಂತಾಗ ಅದೇ ನೆನಪಾಯ್ತು. ಪುಟ್ಟ ಚರ್ಚು, ಒಳಗೆ ಕತ್ತಿ ಹಿಡಿದ ಒಬ್ಬ ಸರದಾರ, ಚರ್ಚಿನ ಮಾದರಿ ಕೈಯಲ್ಲಿಟ್ಕೊಂಡ ಒಬ್ಬ ಪಾದ್ರಿ, ಇಬ್ರ ತಲೆ ಹಿಂದೆ ಪ್ರಭಾವಳಿ ಚೌಕಾಕಾರ! ಬರೆಯೋ ಹೊತ್ತಿಗೆ ಬದುಕಿದ್ದೋರು ಅನ್ನೋದಕ್ಕೆ ಅದು ಗುರುತು. ಬಾಗಿಲು ಇಡೀ ದಿನ ತೆಗೆದಿರಲ್ಲ, ನಾನು ಒಂದ್ಸಲ ಬೀಗ ನೋಡ್ಕೊಂಡು ಬಂದೆ, ಮುಂಚೆನೇ ಊರಿನ ಟೂರಿಸ್ಟ್ ಆಫೀಸಲ್ಲಿ ವಿಚಾರ್ಸಿ.

ಉತ್ತರ 3: ಮಾಲ್ಸ್ ಹತ್ರದ ಬುರ್ಗೈಸ್ ಹಳ್ಳಿ ಮೇಲಿನ ಮರಿಯೆನ್‌ಬರ್ಗ್ ಮಠ ಬಿಡ್ಬೇಡಿ, ಆದ್ರೆ ಅಮ್ಮನ್ನ ನಡೆಸ್ಬೇಡಿ, ಏರು ಜಾಸ್ತಿ, ಟ್ಯಾಕ್ಸಿ ಮಾಡಿ. ನೆಲಮಾಳಿಗೆ ಗುಡಿಯ ದೇವದೂತರ ಚಿತ್ರ 12ನೇ ಶತಮಾನದ್ದು, ಆಮೇಲೆ ಅಲ್ಲಿ ಸಮಾಧಿ ಕಟ್ಟಿದ್ರಿಂದ ಶತಮಾನಗಟ್ಲೆ ಮರೆಯಾಗಿದ್ದು, ಪೂರ್ತಿ ತೆರೆದಿದ್ದು 1980ರಲ್ಲಿ. ಬೆಳಕು ತಾಗದೇ ಇದ್ದಿದ್ದಕ್ಕೋ ಏನೋ ಆ ನೀಲಿ ನಿನ್ನೆ ಹಚ್ಚಿದಂಗಿದೆ. ಒಳಗೆ ಬಿಡೋ ಸಮಯ ಸ್ವಲ್ಪಾನೇ, ಹಿಂದಿನ ದಿನ ಫೋನ್ ಮಾಡಿ ಕೇಳ್ಕೊಳ್ಳಿ.

ಉತ್ತರ 4: ಮೂರನೇ ದಿನ ಮಾಲ್ಸ್‌ನಿಂದ ಮೆರಾನೊ ಟ್ರೈನ್ ಹಿಡಿದು ನಟೂರ್ನ್ಸ್‌ನಲ್ಲಿ ಇಳೀರಿ, ದಾರಿ ಸಮತಟ್ಟು, ಮಂಡಿಗೆ ತೊಂದ್ರೆ ಇಲ್ಲ. ಸಂತ ಪ್ರೊಕುಲಸ್ ಚರ್ಚ್ ಒಂದು ಕೋಣೆಯಷ್ಟೇ. ಗೋಡೆ ಮೇಲೆ ಜೋಕಾಲೀಲಿ ಕೂತಂಗೆ ಹಗ್ಗ ಹಿಡಿದು ಇಳೀತಿರೋ ಸಂತ, ಅಗಲ ಕಣ್ಣು ಬಿಟ್ಕೊಂಡು ನೋಡ್ತಾನೆ, ಸಂತ ಪೌಲ ಅಂತ ಕೆಲವ್ರು, ಪ್ರೊಕುಲಸ್ಸೇ ಅಂತ ಕೆಲವ್ರು. ಇನ್ನೊಂದು ಗೋಡೇಲಿ ದನಗಳ ಸಾಲು, ಜೊತೆಗೊಂದು ನಾಯಿ. ನಿಮ್ಮಮ್ಮ ಹಳ್ಳಿ ಕಡೆಯವ್ರಾದ್ರೆ ಮೊದಲು ಆ ದನಗಳ ಮುಂದೆ ನಿಲ್ಲಿಸಿ.