ಕೊಳದ ಏರ್ ಪಂಪ್: ಯಾವುದು ತಗೋಬೇಕು, ಎಲ್ಲಿಡಬೇಕು?

ಪ್ರಶ್ನೆ: ಸರ್, ನಮಸ್ಕಾರ. ಮನೆ ಹಿಂದಿನ ತೋಟದಲ್ಲಿ ಮೀನಿನ ಕೊಳ ಇದೆ. 3 ಮೀಟರ್ ಉದ್ದ, 2 ಮೀಟರ್ ಅಗಲ, ಆಳ 1 ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಗೋಲ್ಡ್‌ಫಿಶ್ ಜೊತೆ ಏಳೆಂಟು ಕೋಯಿ ಮೀನು ಇವೆ. ಬೆಳಿಗ್ಗೆ ಎದ್ದು ನೋಡಿದರೆ ಮೀನೆಲ್ಲ ಮೇಲೆ ಬಂದು ಬಾಯಿ ಆಡಿಸುತ್ತಿರುತ್ತವೆ. ಬಿಸಿಲೇರಿದ ಮೇಲೆ ಸರಿಹೋಗುತ್ತವೆ. ಅಕ್ವೇರಿಯಂನ ಹಳೇ ಪಂಪ್ ಹಾಕಿ ನೋಡಿದೆ, ಗುಳ್ಳೆ ಬರುವುದೇ ಕಷ್ಟ. ಈಗ ದೊಡ್ಡದು ತಗೋಬೇಕು ಅಂತಿದ್ದೇನೆ. ಒಂದೊಂದು ಪಂಪಿನ ಮೇಲೆ ಒಂದೊಂದು ಲೆಕ್ಕ ಬರೆದಿರುತ್ತಾರೆ, ಯಾವುದನ್ನು ನಂಬಬೇಕು? ಮಳೆಗೆ ಹಾಳಾಗದ ಹಾಗೆ ಪ್ಲಾಸ್ಟಿಕ್ ಡಬ್ಬದಲ್ಲಿ ಮುಚ್ಚಿಡಬಹುದಾ?

ಉತ್ತರ: ನಮಸ್ಕಾರ. ನಾನು ಕೊಳ ಕಟ್ಟುವವನು, ಪಂಪ್ ರಿಪೇರಿಯೂ ಮಾಡುತ್ತೇನೆ. ಮೊದಲು ಬೆಳಗಿನ ವಿಷಯ. ಹಗಲಲ್ಲಿ ಪಾಚಿ, ನೀರಿನ ಗಿಡ ಆಮ್ಲಜನಕ ಬಿಡುತ್ತವೆ. ರಾತ್ರಿ ಅವೂ ಮೀನಿನ ಜೊತೆ ಸೇರಿಕೊಂಡು ಅದನ್ನೇ ಖರ್ಚು ಮಾಡುತ್ತವೆ. ಹಾಗಾಗಿ ಬೆಳಗಾಗುವ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಬಿಸಿಲು ಬಂದ ಮೇಲೆ ಸರಿಹೋಗುತ್ತವೆ ಅಂದಿರಲ್ಲ, ಗುರುತು ಅದೇ. ಇಡೀ ದಿನ ಬಾಯಿ ಆಡಿಸುತ್ತಿದ್ದರೆ ನೈಟ್ರೈಟ್ (ಮೀನಿನ ಕಸದಿಂದ ನೀರಿನಲ್ಲಿ ಆಗುವ ವಿಷ) ಇರಬಹುದು, ಕಿವಿರಿಗೆ ರೋಗ ಬಂದಿರಬಹುದು, ನೀರು ಪರೀಕ್ಷೆ ಮಾಡಿಸಿ ಅನ್ನುತ್ತಿದ್ದೆ. ಸೆಕೆಗಾಲದಲ್ಲಿ ಈ ತೊಂದರೆ ಇನ್ನೂ ಜಾಸ್ತಿ. 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಕೋಯಿ ಇರುವ ನೀರು 5-6 ಮಿಲಿಗ್ರಾಂಗಿಂತ ಕೆಳಗಿಳಿಯದಿದ್ದರೆ ಒಳ್ಳೆಯದು.

ನಿಮ್ಮ ಹಳೇ ಪಂಪ್ ಸೋತದ್ದು ಆಳಕ್ಕೆ. 1 ಮೀಟರ್ ನೀರು ಅಂದರೆ ಸುಮಾರು 10 ಕಿಲೋಪಾಸ್ಕಲ್ ಒತ್ತಡ. ಅಷ್ಟನ್ನು ತಳ್ಳಿದ ಮೇಲೇ ಮೊದಲ ಗುಳ್ಳೆ ಹೊರಗೆ ಬರುವುದು. ಗಾಜಿನ ತೊಟ್ಟಿಗೆ ಮಾಡಿದ ಚಿಕ್ಕ ಪಂಪಿಗೆ ಆ ಶಕ್ತಿ ಇರುವುದಿಲ್ಲ.

ಈಗ ಲೆಕ್ಕಕ್ಕೆ ಬನ್ನಿ. ಪೆಟ್ಟಿಗೆ ಮೇಲೆ ದೊಡ್ಡ ಅಕ್ಷರದಲ್ಲಿರುವ ‘ನಿಮಿಷಕ್ಕೆ ಇಷ್ಟು ಲೀಟರ್’ ಎಷ್ಟೋ ಸಲ ಪೈಪ್ ಇಲ್ಲದೆ, ನೀರಿಲ್ಲದೆ, ಬರೀ ಗಾಳಿಯಲ್ಲಿ ಅಳೆದದ್ದು. ಅದನ್ನು ಬಿಡಿ. ಒಳಗಿನ ಹಾಳೆಯಲ್ಲಿ ಒತ್ತಡ ಏರಿದ ಹಾಗೆ ಗಾಳಿ ಎಷ್ಟು ಇಳಿಯುತ್ತದೆ ಅನ್ನುವ ಗ್ರಾಫ್ ಇರುತ್ತದೆ. ನಿಮ್ಮ ಆಳಕ್ಕೆ 12 ಕಿಲೋಪಾಸ್ಕಲ್ ಹಿಡಿಯಿರಿ, ಪೈಪಿಗೂ ಏರ್ ಸ್ಟೋನಿಗೂ (ಪೈಪಿನ ತುದಿಯಲ್ಲಿ ಗುಳ್ಳೆ ಬಿಡುವ ತೂತುತೂತಿನ ಕಲ್ಲು) ಇನ್ನೊಂದು ಮೂರು ಸೇರಿಸಿ. 15ರ ಹತ್ತಿರ ಎಷ್ಟು ಲೀಟರ್ ಕೊಡುತ್ತದೆ ಅಂತ ನೋಡಿ, ಅದೇ ನಿಮ್ಮ ಪಂಪಿನ ನಿಜವಾದ ಅಳತೆ. ಗ್ರಾಫ್ ಕೊಡದ ಕಂಪನಿಯ ಪಂಪನ್ನು ನಾನಂತೂ ಕೊಳಕ್ಕೆ ಹಾಕುವುದಿಲ್ಲ. ನಿಮ್ಮದು ಹೆಚ್ಚುಕಡಿಮೆ 7,000 ಲೀಟರ್ ಕೊಳ. ಕೋಯಿ ಬೆಳೆಯುತ್ತವೆ, ಅದನ್ನೂ ಲೆಕ್ಕಕ್ಕೆ ತಗೊಂಡು ಆ ಒತ್ತಡದಲ್ಲಿ ನಿಮಿಷಕ್ಕೆ 50-60 ಲೀಟರ್ ಕೊಡುವುದನ್ನು ನೋಡಿ. ಲೀನಿಯರ್ ಪಂಪ್ ಅಂತ ಕೇಳಿ. 40 ವಾಟ್ ಆಸುಪಾಸು ಎಳೆಯುವುದಾದರೆ ದಿನವಿಡೀ ಓಡಿದರೂ ಒಂದು ಯೂನಿಟ್ ಆಗುತ್ತದೆ.

ಡಬ್ಬದಲ್ಲಿ ಮುಚ್ಚಿಡುವುದು ಬೇಡವೇ ಬೇಡ. ರಿಪೇರಿಗೆ ಬರುವ ಪಂಪ್‌ಗಳಲ್ಲಿ ಮಳೆಗೆ ಕೆಟ್ಟದ್ದು ಕಡಿಮೆ, ಸೆಕೆಗೆ ಬೆಂದದ್ದೇ ಹೆಚ್ಚು. ಈ ಪಂಪ್ ತಣ್ಣಗಿರುವುದು ತಾನು ಎಳೆದುಕೊಳ್ಳುವ ಗಾಳಿಯಿಂದ. ಮುಚ್ಚಿದ ಡಬ್ಬದಲ್ಲಿ ತನ್ನದೇ ಬಿಸಿಗಾಳಿಯನ್ನು ಮತ್ತೆ ಮತ್ತೆ ಎಳೆಯುತ್ತದೆ. ಒಳಗಿನ ರಬ್ಬರ್ ಬೇಗ ಗಟ್ಟಿಯಾಗಿ ಸೀಳುತ್ತದೆ. ನಿಮಗೆ ಬೇಕಿರುವುದು ಮೇಲೊಂದು ಸೂರು, ಪಕ್ಕದಲ್ಲಿ ಗಾಳಿ ಆಡುವ ಜಾಗ. ನಾಲ್ಕು ಕಾಲಿನ ಮೇಲೆ ಒಂದು ಶೀಟ್ ಇಟ್ಟರೂ ಸಾಕು. ಬಿಸಿಲು ನೇರ ಬೀಳಬಾರದು. ನೆಲದಿಂದ ಒಂದು ಅಡಿಯಾದರೂ ಮೇಲಿರಲಿ, ಇಲ್ಲದಿದ್ದರೆ ಮಳೆ ಜೋರಾದಾಗ ಮಣ್ಣು ನೀರು ಎರಚುತ್ತದೆ, ಇರುವೆ ಗೂಡು ಕಟ್ಟುತ್ತದೆ. ಐಪಿಎಕ್ಸ್4 ಅಂತ ಬರೆದಿದ್ದರೆ ಎರಚಲು ತಡೆಯುತ್ತದೆ ಅಂತ ಅರ್ಥ. ನೀರಲ್ಲಿ ನಿಂತರೆ ಅದೂ ಉಳಿಯುವುದಿಲ್ಲ.

ಮತ್ತೆ ಅವರೇ: ತುಂಬಾ ಥ್ಯಾಂಕ್ಸ್ ಸರ್. ಹಾಗಿದ್ದರೆ ಸಾಮಾನು ಇಡುವ ಶೆಡ್ಡಿನಲ್ಲೇ ಇಡುತ್ತೇನೆ, ಕಿಟಕಿ ಇದೆ. ಕೊಳದಿಂದ ಎಂಟು ಮೀಟರ್ ದೂರ. ಆದರೆ ಶೆಡ್ಡಿನ ನೆಲ ಕೊಳದ ನೀರಿಗಿಂತ ತಗ್ಗಿನಲ್ಲಿದೆ.

ಉತ್ತರ: ಜಾಗ ಒಳ್ಳೆಯದು, ತಗ್ಗು ಒಳ್ಳೆಯದಲ್ಲ. ಕರೆಂಟ್ ಹೋದ ಕೂಡಲೇ ನೀರು ಏರ್ ಸ್ಟೋನ್ ಮೂಲಕ ಪೈಪಿನೊಳಗೆ ಏರುತ್ತದೆ. ಪಂಪ್ ಕೆಳಗಿದ್ದರೆ ಅಲ್ಲಿಯವರೆಗೂ ಇಳಿದು ಬರುತ್ತದೆ. ಕರೆಂಟ್ ಬಂದಾಗ ಒಳಗೆ ನೀರಿರುವ ಪಂಪ್ ಓಡಲು ನೋಡುತ್ತದೆ, ಅಲ್ಲಿಗೆ ಅದರ ಕಥೆ ಮುಗಿಯಿತು. ಗೋಡೆಗೆ ಹಲಗೆ ಹೊಡೆದು ಕೊಳದ ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಅದು ಆಗದಿದ್ದರೆ ಪೈಪನ್ನು ನೀರಿನ ಮಟ್ಟಕ್ಕಿಂತ ಚೆನ್ನಾಗಿ ಮೇಲಕ್ಕೆ ಏರಿಸಿ, ಅಲ್ಲಿಂದ ಇಳಿಸಿ. ನೀರು ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವನ್ನೂ ಹಾಕಿ, ಆದರೆ ಅದೊಂದನ್ನೇ ನಂಬಬೇಡಿ. ಅದರೊಳಗಿನ ರಬ್ಬರ್ ಸಹ ಒಂದು ದಿನ ಗಟ್ಟಿಯಾಗಿ ಸೋರುತ್ತದೆ.

ಎಂಟು ಮೀಟರಿಗೆ ಸಣ್ಣ ಅಕ್ವೇರಿಯಂ ಪೈಪ್ ಎಳೆದರೆ ಗಾಳಿ ದಾರಿಯಲ್ಲೇ ಸುಸ್ತಾಗುತ್ತದೆ. ಕೊಳದವರೆಗೆ ಮುಕ್ಕಾಲು ಇಂಚಿನ ಪೈಪ್ ತನ್ನಿ, ಅಲ್ಲಿಂದ ಕವಲು ಒಡೆಯಿರಿ. ಪಂಪಿನ ಬಾಯಿಯಿಂದ ಬರುವ ಗಾಳಿ ಬಿಸಿ ಇರುತ್ತದೆ, ಮೆತ್ತನೆ ಪ್ಲಾಸ್ಟಿಕ್ ಪೈಪ್ ಸಡಿಲಾಗಿ ಕಳಚಿಕೊಳ್ಳುತ್ತದೆ. ಮೊದಲ ಒಂದಡಿ ಲೋಹದ ಪೈಪ್ ಇರಲಿ. ಹಲಗೆಯ ಮೇಲೆ ರಬ್ಬರ್ ಶೀಟ್ ಹಾಕಿ ಕೂರಿಸಿ, ಇಲ್ಲದಿದ್ದರೆ ಶೆಡ್ಡೇ ತಮಟೆ ಆಗುತ್ತದೆ.

ಕರೆಂಟಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಆದರೆ ಇದರಲ್ಲಿ ರಾಜಿ ಇಲ್ಲ. ಆ ಲೈನಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇರಬೇಕು, ಅರ್ಥಿಂಗ್ ಸರಿ ಇರಬೇಕು. ಇದನ್ನು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ಇನ್ನೊಬ್ಬರ ಪ್ರಶ್ನೆ: ಸರ್, ನನ್ನ ಪಂಪ್ ನೆರಳಲ್ಲೇ ಇದೆ, ಗಾಳಿಯೂ ಆಡುತ್ತದೆ. ಆದರೂ ವರ್ಷ ತುಂಬುವ ಮೊದಲೇ ಡಯಾಫ್ರಂ (ಗಾಳಿ ತಳ್ಳುವ ರಬ್ಬರ್ ಪರದೆ) ಹರಿಯಿತು. ಗಾಳಿ ಜಾಸ್ತಿ ಆಯಿತು ಅಂತ ವಾಲ್ವ್ ಅರ್ಧ ಮುಚ್ಚಿದ್ದೆ, ಅಷ್ಟೇ.

ಉತ್ತರ: ಕಾರಣ ನೀವೇ ಹೇಳಿಬಿಟ್ಟಿರಿ! ಲೀನಿಯರ್ ಪಂಪಿನೊಳಗೆ ಅಯಸ್ಕಾಂತದ ಒಂದು ದಂಡ ಇರುತ್ತದೆ, ಅದರ ಎರಡೂ ತುದಿಗೆ ರಬ್ಬರ್ ಡಯಾಫ್ರಂ. 50 ಹರ್ಟ್ಸ್ ಕರೆಂಟಿನಲ್ಲಿ ಅದು ಸೆಕೆಂಡಿಗೆ 50 ಸಲ ಆಚೀಚೆ ಆಡುತ್ತದೆ. ದಿನಕ್ಕೆ 43 ಲಕ್ಷ ಸಲ. ಗಾಳಿಗೆ ದಾರಿ ಸಲೀಸಾಗಿದ್ದರೆ ವರ್ಷಗಟ್ಟಲೆ ಆಡುತ್ತದೆ. ನೀವು ವಾಲ್ವ್ ಮುಚ್ಚಿದಷ್ಟೂ ಒಳಗೆ ಒತ್ತಡ ಏರುತ್ತದೆ, ಶಾಖ ಏರುತ್ತದೆ, ಪ್ರತಿ ಏಟಿಗೂ ರಬ್ಬರ್ ಜಾಸ್ತಿ ಹಿಗ್ಗುತ್ತದೆ. ಗಾಳಿ ಹೆಚ್ಚಾಯಿತು ಅನಿಸಿದರೆ ಇನ್ನೊಂದು ಕವಲು ಒಡೆದು ಆ ಗಾಳಿಯನ್ನು ಸುಮ್ನೆ ಹೊರಗೆ ಬಿಡಿ, ಇಲ್ಲವೇ ಫಿಲ್ಟರ್ ತೊಟ್ಟಿಗೆ ಕೊಡಿ, ಅಲ್ಲಿನ ಬ್ಯಾಕ್ಟೀರಿಯಾಕ್ಕೂ ಆಮ್ಲಜನಕ ಬೇಕು.

ಕಟ್ಟಿಕೊಂಡ ಏರ್ ಸ್ಟೋನ್ ಮಾಡುವುದೂ ಇದೇ ಕೆಲಸ, ಆದರೆ ಸದ್ದಿಲ್ಲದೆ. ಗುಳ್ಳೆ ಒಂದೇ ಕಡೆಯಿಂದ ದಪ್ಪಗೆ ಬರುತ್ತಿದ್ದರೆ, ಪಂಪ್ ಮೊದಲಿಗಿಂತ ಬಿಸಿಯಾಗಿದ್ದರೆ ಕಲ್ಲು ಕಟ್ಟಿದೆ ಅಂತ ತಿಳಿಯಿರಿ. ಎರಡು ಸೆಟ್ ಇಟ್ಟುಕೊಂಡು ಅದಲುಬದಲು ಮಾಡಿ. ತೆಗೆದದ್ದನ್ನು ಬಿಸಿಲಲ್ಲಿ ಪೂರ್ತಿ ಒಣಗಿಸಿ ಬ್ರಷ್ ಹಾಕಿ, ಸುಣ್ಣ ಕಟ್ಟಿದ್ದರೆ ವಿನೆಗರ್‌ನಲ್ಲಿ ನೆನೆಸಿ ಚೆನ್ನಾಗಿ ತೊಳೆಯಿರಿ. ಪಂಪಿನ ತಲೆ ಮೇಲಿನ ಸ್ಪಾಂಜ್ ಫಿಲ್ಟರ್ ತಿಂಗಳಿಗೊಮ್ಮೆ ಜಾಡಿಸಿ. ಮತ್ತೆ, ಡಯಾಫ್ರಂ ಬದಲಿಸುವಾಗ ಎರಡನ್ನೂ ಒಟ್ಟಿಗೆ ಬದಲಿಸಿ. ಒಂದು ಹೊಸದು, ಒಂದು ಹಳೆಯದು ಆದರೆ ದಂಡ ಒಂದು ಕಡೆಗೆ ವಾಲುತ್ತದೆ.

ಮತ್ತೊಬ್ಬರು: ಕರೆಂಟ್ ಹೋದಾಗ ಮನೆಯ ಇನ್ವರ್ಟರಿಗೆ ಹಾಕಬಹುದಾ? ಕಾರಿನ ಬ್ಯಾಟರಿ ಸಾಕಾ?

ಉತ್ತರ: ಪ್ಯೂರ್ ಸೈನ್ ವೇವ್ ಇನ್ವರ್ಟರ್ (ಲೈನ್ ಕರೆಂಟಿನಂತೆಯೇ ನಯವಾದ ಕರೆಂಟ್ ಕೊಡುವುದು) ಆದರೆ ಹಾಕಿ. ಸ್ಕ್ವೇರ್ ವೇವ್‌ನದ್ದಾದರೆ ಪಂಪ್ ಗುಂಯ್‌ಗುಟ್ಟಿ ಬಿಸಿಯಾಗುತ್ತದೆ. ಕಾರಿನ ಬ್ಯಾಟರಿ ಗಾಡಿ ಶುರು ಮಾಡುವುದಕ್ಕೆ ಮಾಡಿದ್ದು, ಆಳವಾಗಿ ಖಾಲಿ ಮಾಡಿದರೆ ಬೇಗ ಸಾಯುತ್ತದೆ. 12 ವೋಲ್ಟ್, 100 ಆಂಪಿಯರ್ ಅವರ್‌ನ ಇನ್ವರ್ಟರ್ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸಿದರೂ 600 ವಾಟ್ ಅವರ್ ಸಿಗುತ್ತದೆ. ಇನ್ವರ್ಟರ್ ತಾನು ತಿನ್ನುವುದನ್ನು ಕಳೆದರೆ 40 ವಾಟಿನ ಪಂಪ್ ಹತ್ತು ಗಂಟೆ ಹತ್ತಿರ ಓಡುತ್ತದೆ. ಪಂಪ್ ನಿಂತಿರುವಾಗ ಮೀನಿಗೆ ಆಹಾರ ಹಾಕಬೇಡಿ. ತಿಂದದ್ದನ್ನು ಅರಗಿಸುವುದಕ್ಕೂ ಆಮ್ಲಜನಕ ಬೇಕಲ್ವಾ?

ಇನ್ನೊಬ್ಬರ ಪ್ರಶ್ನೆ: ನಮ್ಮಲ್ಲಿ ಚಳಿಗಾಲಕ್ಕೆ ಕೊಳದ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಪಂಪ್ ನಿಲ್ಲಿಸಬೇಕಾ?

ಉತ್ತರ: ನಿಲ್ಲಿಸಬೇಡಿ, ಏರ್ ಸ್ಟೋನನ್ನು ಮೇಲಕ್ಕೆ ಎತ್ತಿ. 4 ಡಿಗ್ರಿ ನೀರು ಎಲ್ಲಕ್ಕಿಂತ ಭಾರ, ಅದು ತಳದಲ್ಲಿ ಕೂರುತ್ತದೆ, ಮೀನು ಅಲ್ಲೇ ಚಳಿಗಾಲ ಕಳೆಯುತ್ತವೆ. ತಳದಿಂದ ಗುಳ್ಳೆ ಬಿಟ್ಟರೆ ಆ ಬೆಚ್ಚನೆ ಪದರ ಕಲಕಿ ಹೋಗುತ್ತದೆ. ಒಂದಡಿ ಆಳದಲ್ಲಿ ಇಟ್ಟರೆ ಮೇಲೆ ಒಂದು ತೂತು ತೆರೆದಿರುತ್ತದೆ, ಕೆಟ್ಟ ಗಾಳಿ ಹೊರಗೆ ಹೋಗುತ್ತದೆ.

ಮೊದಲು ಕೇಳಿದವರು: ಕೊನೆಯದೊಂದು ಸರ್. ತೊಂದರೆ ರಾತ್ರಿ ಮಾತ್ರ ಅಂದಿರಿ. ಟೈಮರ್ ಹಾಕಿ ಹಗಲು ನಿಲ್ಲಿಸಿದರೆ ಆಗದಾ?

ಉತ್ತರ: ಆಗುತ್ತದೆ, ಆದರೆ ಉಳಿಯುವುದು ಅರ್ಧ ಯೂನಿಟ್ಟೂ ಇಲ್ಲ. ಪಂಪ್ ನಿಂತಾಗಲೆಲ್ಲ ಕಲ್ಲಿನೊಳಗೆ ನೀರು ನುಗ್ಗಿ ಕಸ ಕೂರುತ್ತದೆ, ಬೇಗ ಕಟ್ಟಿಕೊಳ್ಳುತ್ತದೆ. ಮೋಡ ಕವಿದ ಸೆಕೆಯ ದಿನ ಹಗಲಲ್ಲೂ ಆಮ್ಲಜನಕ ಸಾಲದು. ನಾನಾದರೆ ನಿಲ್ಲಿಸುವುದಿಲ್ಲ. ಟೈಮರ್ ಇಡಲೇಬೇಕು ಅಂದರೆ ಸಂಜೆ 6ಕ್ಕೆ ಶುರುವಾಗಿ ಬೆಳಿಗ್ಗೆ 9ರವರೆಗೆ ಓಡಲಿ.